ಒಂದು ಪಾಡ್‌, 41 ಮಿಲಿಗ್ರಾಂ ನಿಕೋಟಿನ್‌

ಜೂಲ್‌ ಎಂಬ ಅಮೆರಿಕದ ಇ-ಸಿಗರೇಟಿನ ಒಂದು ಪಾಡ್‌ಗೆ, ಅಂದರೆ ದ್ರವದ ಪುಟ್ಟ ಡಬ್ಬಿಗೆ, ಹಿಡಿಸುವುದು 0.7 ಮಿಲಿಲೀಟರ್‌ ದ್ರವ. ಶೇ 5ರ ಮಾದರಿಯಲ್ಲಿ ಮಿಲಿಲೀಟರಿಗೆ ಸುಮಾರು 59 ಮಿಲಿಗ್ರಾಂ ನಿಕೋಟಿನ್‌. ಗುಣಿಸಿದರೆ ಪಾಡ್‌ ಒಂದಕ್ಕೆ 41 ಮಿಲಿಗ್ರಾಂ. ಸುಮಾರು 200 ಬಾರಿ ಎಳೆಯಲು ಬರುವ ಈ ಪಾಡ್‌ ಒಂದು ಪ್ಯಾಕ್‌ ಸಿಗರೇಟಿಗೆ ಸಮ ಎಂದದ್ದು ಕಂಪನಿಯೇ. ಪ್ಯಾಕಿನ 20 ಸಿಗರೇಟುಗಳನ್ನು ಒಂದೊಂದಾಗಿ ಹಚ್ಚಬೇಕು, ಎಸೆಯಬೇಕು. ಎಷ್ಟು ಸೇದಿದೆ ಎಂಬ ಲೆಕ್ಕ ಕಣ್ಣೆದುರೇ ಇರುತ್ತದೆ. ಪಾಡ್‌ಗೆ ಬೂದಿಯಿಲ್ಲ, ತುಂಡಿಲ್ಲ, ಲೆಕ್ಕವೂ ಇಲ್ಲ. ನನ್ನ ಮಟ್ಟಿಗೆ ಈ ಸಾಧನದ ಮೊದಲ ಅಪಾಯ ಇದೇ.

ಯುರೋಪಿನ ಒಕ್ಕೂಟ ನಿಕೋಟಿನ್‌ ಮಿತಿಯನ್ನು ಮಿಲಿಲೀಟರಿಗೆ 20 ಮಿಲಿಗ್ರಾಂಗೆ ಕಟ್ಟಿತು. ಆ ಲೆಕ್ಕದಲ್ಲಿ 0.7 ಮಿಲಿಲೀಟರಿಗೆ 14 ಮಿಲಿಗ್ರಾಂ ಮಾತ್ರ. ಆದರೆ ಕಾನೂನು 2 ಮಿಲಿಲೀಟರ್‌ವರೆಗೆ ತುಂಬಲು ಬಿಡುತ್ತದೆ. ತುಂಬಿದರೆ ಮತ್ತೆ 40 ಮಿಲಿಗ್ರಾಂ. ಬ್ರಿಟನ್‌ ಇನ್ನೊಂದು ದಾರಿ ಹಿಡಿದು, ಬಳಸಿ ಎಸೆಯುವ ಇ-ಸಿಗರೇಟುಗಳನ್ನು (ವೇಪ್‌) 2025ರ ಜೂನ್‌ 1ರಿಂದ ನಿಷೇಧಿಸಿತು.

2019ರಲ್ಲಿ ಅಮೆರಿಕದ ಆಸ್ಪತ್ರೆಗಳಿಗೆ ವೇಪ್‌ ಸೇದಿ ಶ್ವಾಸಕೋಶ ಕೆಟ್ಟವರು ಸಾಲುಸಾಲಾಗಿ ಬಂದರು. 2020ರ ಫೆಬ್ರುವರಿ ಹೊತ್ತಿಗೆ 2,807 ಪ್ರಕರಣ, 68 ಸಾವು. ರೋಗಿಗಳ ವಯಸ್ಸಿನ ಮಧ್ಯಾಂಕ ಕೇವಲ 24. ಶ್ವಾಸಕೋಶದ ದ್ರವ ಪರೀಕ್ಷಿಸಿದ 51 ರೋಗಿಗಳ ಪೈಕಿ 48 ಮಂದಿಯಲ್ಲಿ ವಿಟಮಿನ್‌ ಇ ಅಸಿಟೇಟ್‌ ಸಿಕ್ಕಿತು. ಗಾಂಜಾ ಸಾರದ ಕಾರ್ಟ್ರಿಜ್‌ಗಳಲ್ಲಿ ದ್ರವವನ್ನು ಮಂದವಾಗಿಸಲು ಬೆರೆಸಿದ ಎಣ್ಣೆಯಂಥ ವಸ್ತು ಅದು. ಹೆಚ್ಚಿನವು ಗೆಳೆಯರಿಂದ, ಕಳ್ಳಸಂತೆಯಿಂದ ಬಂದ ಮಾಲು. ಹಾಗಾಗಿ ಎಲ್ಲ ವೇಪ್‌ಗಳೂ ಹೀಗೆಯೇ ಕೊಲ್ಲುತ್ತವೆ ಎನ್ನುವುದು ತಪ್ಪಾದೀತು. ಒಳಗೇನಿದೆ ಎಂದು ತಿಳಿಯದ ಮಾಲು ಕೊಲ್ಲಬಲ್ಲದು ಎನ್ನುವುದು ಸಾಬೀತಾದ ಮಾತು.

ಬ್ಯಾಟರಿಯ ಅಪಾಯ ಬೇರೆ. 2009ರಿಂದ 2016ರವರೆಗೆ ಅಮೆರಿಕದಲ್ಲಿ ದಾಖಲಾದ ಬೆಂಕಿ, ಸ್ಫೋಟಗಳು 195. ಜೇಬಿನಲ್ಲಿದ್ದಾಗ 61, ಬಳಸುತ್ತಿದ್ದಾಗ 60, ಚಾರ್ಜ್‌ಗೆ ಹಾಕಿದ್ದಾಗ 48. ಗಾಯಗೊಂಡವರು 133 ಮಂದಿ. 38 ಮಂದಿಗೆ ತೀವ್ರ ಗಾಯ.

ಇನ್ನು ಹಣ. 2018ರ ಡಿಸೆಂಬರ್‌ನಲ್ಲಿ ಆಲ್ಟ್ರಿಯಾ ಎಂಬ ತಂಬಾಕು ಕಂಪನಿ ಜೂಲ್‌ನ ಶೇ 35ರಷ್ಟು ಪಾಲಿಗೆ 1,280 ಕೋಟಿ ಡಾಲರ್‌ ಸುರಿಯಿತು. ಮರುವರ್ಷವೇ ಅಮೆರಿಕದ ಪ್ರೌಢಶಾಲಾ ಮಕ್ಕಳಲ್ಲಿ ಶೇ 27.5 ಮಂದಿ ಇ-ಸಿಗರೇಟು ಸೇದುತ್ತಿದ್ದರು. ಹದಿಹರೆಯದವರನ್ನು ಸೆಳೆದ ಆರೋಪದ ಮೇಲೆ ರಾಜ್ಯಗಳೊಂದಿಗೆ ಜೂಲ್‌ ಮಾಡಿಕೊಂಡ ಎರಡು ದೊಡ್ಡ ರಾಜಿಗಳು 43.85 ಕೋಟಿ ಮತ್ತು 46.2 ಕೋಟಿ ಡಾಲರಿನವು. ಎರಡೂ ಸೇರಿ ಆ ಪಾಲಿನ ಬೆಲೆಯ ಶೇ 7ರಷ್ಟು. ಮಕ್ಕಳ ಶ್ವಾಸಕೋಶಕ್ಕೆ ಇದು ತೀರಾ ಅಗ್ಗದ ದರ. 2024ರಲ್ಲಿ ಪ್ರೌಢಶಾಲೆಗಳ ಪ್ರಮಾಣ ಶೇ 7.8ಕ್ಕೆ ಇಳಿದಿದೆ, ಕಡಿವಾಣ ಹಾಕಿದರೆ ಫಲವಿದೆ.

ಕರ್ನಾಟಕ ಇ-ಸಿಗರೇಟನ್ನು 2016ರಲ್ಲೇ ನಿಷೇಧಿಸಿತು. ಇಡೀ ದೇಶಕ್ಕೆ ನಿಷೇಧ ಬಂದದ್ದು 2019ರ ಸೆಪ್ಟೆಂಬರ್‌ನಲ್ಲಿ. ಮಾರಿದವರಿಗೆ ಮೊದಲ ಸಲ 1 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 3 ವರ್ಷದವರೆಗೆ ಜೈಲು ಮತ್ತು 5 ಲಕ್ಷದವರೆಗೆ ದಂಡ. ಅಂದರೆ ಇಲ್ಲಿ ಕೈಗೆ ಸಿಗುವ ಪ್ರತಿಯೊಂದು ವೇಪ್‌ ಕಳ್ಳಮಾಲು. ಅದರೊಳಗಿನ ದ್ರವವನ್ನು ಮಾರಾಟಕ್ಕೆ ಮೊದಲು ಯಾರೂ ಪರೀಕ್ಷಿಸಿರುವುದಿಲ್ಲ.

ಮಗ ಅಥವಾ ಮಗಳ ಬ್ಯಾಗಿನಲ್ಲಿ ಅಂಥದ್ದು ಕಂಡರೆ ಹೊಡೆಯಬೇಡಿ, ಕೂತು ಮಾತಾಡಿ. ಚಟ ಬಿಡಿಸಲು ಸಲಹೆ ನೀಡುವ ರಾಷ್ಟ್ರೀಯ ಸಹಾಯವಾಣಿ 1800-11-2356; ಕರೆ ಉಚಿತ.