ಮಗುವಿನ ಕೈಯ ಚುಕ್ಕಿ, ಕಲಾವಿದೆಯ ದಿಗಿಲು

ಕಲಾ ಗ್ಯಾಲರಿಗಳಲ್ಲಿ ‘ಮುಟ್ಟಬೇಡಿ’ ಫಲಕ ಸಾಮಾನ್ಯ. ಜಪಾನಿನ ಯಾಯೊಯಿ ಕುಸಾಮಾ ಅವರ ‘ಆಬ್ಲಿಟರೇಷನ್ ರೂಮ್’ನಲ್ಲಿ ಎಲ್ಲವೂ ತಿರುವುಮುರುವು. ಗೋಡೆ, ಮೇಜು, ಕುರ್ಚಿಗಳೆಲ್ಲ ಅಚ್ಚ ಬಿಳುಪಾದ ಕೋಣೆಯೊಳಗೆ ಬರುವವರಿಗೆ ಬಣ್ಣಬಣ್ಣದ ದುಂಡು ಸ್ಟಿಕರ್‌ಗಳನ್ನು ಕೊಡಲಾಗುತ್ತದೆ, ಬೇಕಾದಲ್ಲಿ ಅಂಟಿಸಬಹುದು. 2002ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಮಕ್ಕಳಿಗೆಂದೇ ಆರಂಭವಾದ ಈ ಕಲಾಕೃತಿ 2022ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್‌ನಲ್ಲೂ ಪ್ರದರ್ಶನಗೊಂಡಿತು.

ಹೆಸರಿನ ಅರ್ಥ ‘ಅಳಿಸಿಹಾಕುವ ಕೋಣೆ’. ಮಕ್ಕಳ ಆಟಕ್ಕೆ ಇದೆಂಥ ಹೆಸರು ಎನಿಸೀತು. 1929ರಲ್ಲಿ ಜನಿಸಿದ ಕುಸಾಮಾ ಅವರಿಗೆ ಬಾಲ್ಯದಿಂದಲೂ ಭ್ರಮೆಗಳ ಕಾಟ. ಒಂದೇ ವಿನ್ಯಾಸ ಎಲ್ಲೆಡೆ ಹರಡಿ ತಮ್ಮನ್ನೂ ಅಳಿಸಿಬಿಡುತ್ತಿದೆಯೆಂಬ ದಿಗಿಲು. ಅದನ್ನೇ ಚುಕ್ಕಿಗಳಾಗಿ ಬಿಡಿಸುತ್ತ ಬಂದ ಅವರು, 1977ರಲ್ಲಿ ಸ್ವಇಚ್ಛೆಯಿಂದ ಟೋಕಿಯೊದ ಮನೋರೋಗ ಆಸ್ಪತ್ರೆಯಲ್ಲಿ ನೆಲೆಸಿದ ಮೇಲೂ ನಿಲ್ಲಿಸಲಿಲ್ಲ.

ಮಕ್ಕಳಿಗೆ ಈ ಕಥೆ ಬೇಕಿಲ್ಲ. ಮೊದಲು ಬಂದವರಿಗೆ ಕಾಣುವುದು ಬರಿಯ ಬಿಳುಪು. ವಾರಗಳ ನಂತರ ಬಂದವರಿಗೆ ಕುರ್ಚಿ ಯಾವುದು, ಗೋಡೆ ಯಾವುದೆಂದು ಗುರುತಿಸುವುದೇ ಕಷ್ಟ.