ಹಳದಿ ಉಪ್ಪಿನ ಜಾಡು ಹಿಡಿದು

1803ರ ಏಪ್ರಿಲ್ ತಿಂಗಳು. ಲಂಡನ್ನಿನ ಸೋಹೊ ಬಡಾವಣೆಯ ಜೆರಾರ್ಡ್ ಸ್ಟ್ರೀಟಿನಲ್ಲಿ, 26ನೇ ನಂಬರಿನ ಅಂಗಡಿಯಲ್ಲಿ, ಯಾರೂ ಹೆಸರು ಕೇಳಿರದ ಲೋಹವೊಂದು ಮಾರಾಟಕ್ಕೆ ಬಂತು. ಐದು ಶಿಲಿಂಗ್, ಅರ್ಧ ಗಿನಿ, ಒಂದು ಗಿನಿ ಎಂದು ಮೂರು ಬೆಲೆಯ ತುಂಡುಗಳು. ಜೊತೆಗೆ ಒಂದು ಕರಪತ್ರ. ‘ಪಲಾಡಿಯಂ ಅಥವಾ ಹೊಸ ಬೆಳ್ಳಿ’ ಎಂಬ ತಲೆಬರಹದ ಕೆಳಗೆ ಲೋಹದ ಗುಣಗಳನ್ನು ಬರೆದಿತ್ತು. ಕಂಡುಹಿಡಿದವರು ಯಾರೆಂದು ಮಾತ್ರ ಎಲ್ಲೂ ಇರಲಿಲ್ಲ.

ಇದರಲ್ಲಿ ಏನೋ ಮೋಸವಿದೆ ಎಂದುಕೊಂಡ ರಿಚರ್ಡ್ ಚೆನೆವಿಕ್ಸ್ ಎಂಬ ರಸಾಯನಶಾಸ್ತ್ರಜ್ಞ ಅಂಗಡಿಗೆ ಹೋಗಿ ಅಲ್ಲಿದ್ದ ದಾಸ್ತಾನನ್ನೇ ಕೊಂಡುಬಂದ. ಪರೀಕ್ಷೆ ಮಾಡಿ, ಇದು ಹೊಸ ಧಾತುವೇ ಅಲ್ಲ, ಪ್ಲಾಟಿನಂ ಮತ್ತು ಪಾದರಸದ ಮಿಶ್ರಣ ಎಂದು ರಾಯಲ್ ಸೊಸೈಟಿಗೆ ಪ್ರಬಂಧ ಒಪ್ಪಿಸಿದ. ಹೆಸರಿಲ್ಲದ ಸಂಶೋಧಕ ಆಗಲೂ ಮುಂದೆ ಬರಲಿಲ್ಲ. ಆ ವರ್ಷದ ಕೊನೆಗೆ, ಪಲಾಡಿಯಂ ಅನ್ನು ಯಾರಾದರೂ ಕೃತಕವಾಗಿ ತಯಾರಿಸಿ ತೋರಿಸಿದರೆ 20 ಪೌಂಡ್ ಬಹುಮಾನ ಎಂದು, ಅದನ್ನೂ ಹೆಸರು ಹಾಕದೆಯೇ, ಪ್ರಕಟಣೆ ಹೊರಡಿಸಿದ. ಬಹುಮಾನ ಗೆದ್ದವರಿಲ್ಲ. 1805ರಲ್ಲಿ ಗುಟ್ಟು ರಟ್ಟಾಯಿತು. ಆತ ವಿಲಿಯಂ ಹೈಡ್ ವೊಲ್ಯಾಸ್ಟನ್, ಅಷ್ಟು ಹೊತ್ತಿಗೆ ಅದೇ ರಾಯಲ್ ಸೊಸೈಟಿಯ ಕಾರ್ಯದರ್ಶಿ!

ವೊಲ್ಯಾಸ್ಟನ್ನನ ಕಥೆಯ ಬೆನ್ನು ಹತ್ತಿ ನಾನು ತಲುಪಿದ್ದು ‘ಪ್ಲಾಟಿನಂ ಮೆಟಲ್ಸ್ ರಿವ್ಯೂ’ ಎಂಬ ಪತ್ರಿಕೆಗೆ. ಪ್ಲಾಟಿನಂ, ಪಲಾಡಿಯಂ, ರೋಡಿಯಂ, ಇರಿಡಿಯಂ, ಆಸ್ಮಿಯಂ, ರುಥೇನಿಯಂ ಈ ಆರು ಲೋಹಗಳಿಗೆಂದೇ 1957ರ ಜನವರಿಯಲ್ಲಿ ಶುರುವಾದ ತ್ರೈಮಾಸಿಕ ಅದು. ಹೊರತಂದದ್ದು ಲಂಡನ್ನಿನ ಹ್ಯಾಟನ್ ಗಾರ್ಡನ್‌ನಲ್ಲಿದ್ದ ಜಾನ್ಸನ್ ಮ್ಯಾಥಿ ಕಂಪನಿ. ಈ ಲೋಹಗಳನ್ನು ಶುದ್ಧಿ ಮಾಡಿ ಮಾರುವುದೇ ಕಂಪನಿಯ ಕಸುಬು. ಆದರೆ ಪತ್ರಿಕೆಯನ್ನು ಬರಿಯ ಜಾಹೀರಾತು ಎಂದು ತಳ್ಳಿಹಾಕುವಂತಿಲ್ಲ. ಸ್ಥಾಪಕ ಸಂಪಾದಕ ಲೆಸ್ಲಿ ಹಂಟ್ ಸ್ವತಃ ಇತಿಹಾಸದ ಹುಚ್ಚಿದ್ದವರು. ಡೊನಾಲ್ಡ್ ಮ್ಯಾಕ್‌ಡೊನಾಲ್ಡ್ ಬರೆದಿದ್ದ ಪ್ಲಾಟಿನಂ ಚರಿತ್ರೆಯನ್ನು ವಿಸ್ತರಿಸಿ 1982ರಲ್ಲಿ ದೊಡ್ಡ ಗ್ರಂಥವಾಗಿ ತಂದರು. ಹೀಗಾಗಿ ಕಾರ್ಖಾನೆಯ ಕುಲುಮೆಗಳ ಲೇಖನದ ಪಕ್ಕದಲ್ಲೇ ಇನ್ನೂರು ವರ್ಷ ಹಳೆಯ ನೋಟ್‌ಬುಕ್ಕಿನ ವಿಚಾರ ಬರುತ್ತಿತ್ತು. ಪತ್ರಿಕೆಯನ್ನು ಕಂಪನಿ ಉಚಿತವಾಗಿ ಕಳಿಸುತ್ತಿತ್ತು. 57 ಸಂಪುಟಗಳ ಹಳೆಯ ಸಂಚಿಕೆಗಳನ್ನು ಈಗ ಅಂತರ್ಜಾಲದಲ್ಲಿ ಯಾರು ಬೇಕಾದರೂ ಓದಬಹುದು.

ಮತ್ತೆ ವೊಲ್ಯಾಸ್ಟನ್ನನಿಗೆ ಬರೋಣ. ಅವನನ್ನು ಅಷ್ಟು ಬೇಗ ಬಿಡಲು ಮನಸ್ಸಾಗುವುದಿಲ್ಲ.

ವೃತ್ತಿಯಿಂದ ವೈದ್ಯ. 1800ರಲ್ಲಿ ವೈದ್ಯಕೀಯಕ್ಕೆ ಕೈಮುಗಿದು, ಗೆಳೆಯ ಸ್ಮಿತ್ಸನ್ ಟೆನಂಟ್ ಜೊತೆ ಪಾಲುದಾರಿಕೆಗೆ ಇಳಿದ. ಅದೇ ವರ್ಷದ ಕ್ರಿಸ್‌ಮಸ್ ಮುನ್ನಾದಿನ ಇಬ್ಬರೂ ಸೇರಿ 795 ಪೌಂಡ್ ಕೊಟ್ಟು 5,959 ಔನ್ಸ್, ಎಂದರೆ ಸುಮಾರು 185 ಕಿಲೋ, ಪ್ಲಾಟಿನಂ ಅದಿರು ಕೊಂಡರು. ಇಂದಿನ ಕೊಲಂಬಿಯಾದ ನದಿ ಮರಳಿನಲ್ಲಿ ಚಿನ್ನದ ಜೊತೆ ಸಿಗುತ್ತಿದ್ದ ಬೂದು ಕಾಳುಗಳವು. ಸ್ಪೇನಿನ ಅಧಿಕಾರಿಗಳ ಕಣ್ಣು ತಪ್ಪಿಸಿ ಜಮೈಕಾದ ಮೂಲಕ ಲಂಡನ್ನಿಗೆ ಬರುತ್ತಿದ್ದವು. ಮುಂದಿನ ವರ್ಷಗಳಲ್ಲಿ ವೊಲ್ಯಾಸ್ಟನ್ನನಿಗೆ ಅದಿರು ಒದಗಿಸುತ್ತಿದ್ದವರಲ್ಲಿ ಜಾನ್ ಜಾನ್ಸನ್ ಎಂಬ ಲೋಹ ಪರೀಕ್ಷಕನಿದ್ದ. ಅವನ ಮಗ ಪರ್ಸಿವಲ್ 1817ರಲ್ಲಿ ತೆರೆದ ಪುಟ್ಟ ವ್ಯವಹಾರವೇ, 1851ರಲ್ಲಿ ಜಾರ್ಜ್ ಮ್ಯಾಥಿ ಪಾಲುದಾರನಾದ ಮೇಲೆ, ಜಾನ್ಸನ್ ಮ್ಯಾಥಿ ಆಯಿತು.

ಆ ಕಾಲದ ಕುಲುಮೆಗೆ ಪ್ಲಾಟಿನಂ ಕರಗುವುದಿಲ್ಲ. ಅದಕ್ಕೆ 1,768 ಡಿಗ್ರಿ ಸೆಲ್ಸಿಯಸ್ ಬೇಕು. ಕರಗದ ಲೋಹವನ್ನು ತಗಡು ಮಾಡುವುದು, ತಂತಿ ಎಳೆಯುವುದು ಹೇಗೆ? ವೊಲ್ಯಾಸ್ಟನ್ ಬಕಿಂಗ್‌ಹ್ಯಾಮ್ ಸ್ಟ್ರೀಟಿನ ತನ್ನ ಮನೆಯ ಪ್ರಯೋಗಶಾಲೆಯಲ್ಲಿ ಇದಕ್ಕೆ ದಾರಿ ಕಂಡುಕೊಂಡ. ಅದಿರನ್ನು ಅಕ್ವಾ ರೀಜಿಯಾ ಎಂಬ ತೀಕ್ಷ್ಣ ಆಮ್ಲದಲ್ಲಿ ಕರಗಿಸಿ, ಆ ದ್ರಾವಣಕ್ಕೆ ನವಸಾಗರ ಬೆರೆಸುತ್ತಿದ್ದ. ಹಳದಿ ಬಣ್ಣದ ಉಪ್ಪೊಂದು ತಳಕ್ಕೆ ಇಳಿಯುತ್ತಿತ್ತು. ಅದನ್ನು ತೊಳೆದು ಹದವಾಗಿ ಕಾಯಿಸಿದರೆ ಉಳಿದೆಲ್ಲ ಹಾರಿಹೋಗಿ ಬೂದು ಬಣ್ಣದ, ಸ್ಪಂಜಿನಂಥ ಪ್ಲಾಟಿನಂ ಉಳಿಯುತ್ತಿತ್ತು.

ಮುಂದಿನ ಹಂತದಲ್ಲಿ ಅವನ ಕೈಚಳಕವೆಲ್ಲ ಇದೆ. ಆ ಸ್ಪಂಜನ್ನು ಕಲ್ಲಿನ ಅಥವಾ ಲೋಹದ ಒರಳಲ್ಲಿ ಅರೆಯಬಾರದು. ಗಟ್ಟಿ ವಸ್ತು ತಾಗಿದರೆ ಕಣಗಳ ಮೈ ನುಣುಪಾಗುತ್ತದೆ, ನುಣುಪಾದ ಕಣಗಳು ಆಮೇಲೆ ಒಂದಕ್ಕೊಂದು ಕೂಡಿಕೊಳ್ಳುವುದಿಲ್ಲ. ಆದ್ದರಿಂದ ಅಂಗೈಗಳ ನಡುವೆ ಉಜ್ಜುವುದು, ಜರಡಿ ಹಿಡಿಯುವುದು. ಉಳಿದ ಒರಟನ್ನು ಮರದ ಒರಳಿನಲ್ಲಿ ಮರದ ಒನಕೆಯಿಂದಲೇ ಅರೆಯುವುದು. ನೀರಿನಲ್ಲಿ ಕದಡಿ ನಯವಾದ ಕೆಸರು ಮಾಡಿ, ಹಿತ್ತಾಳೆಯ ಕೊಳವೆಗೆ ತುಂಬಿ, ಉದ್ದ ಹಿಡಿಯ ಸನ್ನೆಯಿಂದ ಅದುಮಿ ನೀರು ಹಿಂಡುವುದು. ಹೊರಬಂದ ಬಿಲ್ಲೆಯನ್ನು ಕೆಂಡದಲ್ಲಿ ಕಾಯಿಸಿ, ಬಿಸಿ ಇರುವಾಗಲೇ ಸುತ್ತಿಗೆಯಿಂದ ಬಡಿದರೆ ಒಂದೇ ತುಂಡಿನ ಗಟ್ಟಿ ಲೋಹ ಸಿದ್ಧ. ಪ್ಲಾಟಿನಂ ಈ ಎಲ್ಲ ಹಂತಗಳಲ್ಲಿ ಬೆಂಕಿಯ ಬಿಸಿಗೆ ಒಮ್ಮೆಯೂ ಕರಗಲಿಲ್ಲ.

ಈ ಗುಟ್ಟನ್ನು ಆತ ಇಪ್ಪತ್ತಕ್ಕೂ ಹೆಚ್ಚು ವರ್ಷ ಬಿಟ್ಟುಕೊಡಲಿಲ್ಲ. ಲೋಹ ಹೆಚ್ಚಾಗಿ ಕೊಂಡವರು ಬಂದೂಕು ಮಾಡುವವರು. ಮದ್ದಿಗೆ ಕಿಡಿ ತಾಗುವ ರಂಧ್ರಕ್ಕೆ ಪ್ಲಾಟಿನಂ ಹಾಕಿದರೆ ತುಕ್ಕೂ ಇಲ್ಲ, ಸವೆತವೂ ಇಲ್ಲ. ಗಂಧಕಾಮ್ಲ ಕುದಿಸುವ ಕಾರ್ಖಾನೆಗಳು ದೊಡ್ಡ ಹಂಡೆಗಳನ್ನೇ ಮಾಡಿಸಿಕೊಂಡವು. ಪಲಾಡಿಯಂ, 1804ರಲ್ಲಿ ಪ್ರಕಟಿಸಿದ ರೋಡಿಯಂ ಎರಡೂ ಅವನಿಗೆ ಸಿಕ್ಕಿದ್ದು ಇದೇ ಶುದ್ಧೀಕರಣದ ಹಾದಿಯಲ್ಲಿ. ಟೆನಂಟನಿಗೆ ಕರಗದೆ ಉಳಿದ ಕಪ್ಪು ಗಸಿಯಲ್ಲಿ ಆಸ್ಮಿಯಂ, ಇರಿಡಿಯಂ ದೊರೆತವು. ಆರನೆಯದಾದ ರುಥೇನಿಯಂ 1844ರವರೆಗೆ ಕಾದು ರಷ್ಯಾದ ಕಜಾನ್‌ನಲ್ಲಿ ಕಾರ್ಲ್ ಕ್ಲೌಸ್‌ನ ಕೈಗೆ ಬಂತು. 1828ರ ನವೆಂಬರ್‌ನಲ್ಲಿ, ಕಾಯಿಲೆ ಉಲ್ಬಣಿಸಿದಾಗ, ವೊಲ್ಯಾಸ್ಟನ್ ತನ್ನ ವಿಧಾನವನ್ನು ರಾಯಲ್ ಸೊಸೈಟಿಗೆ ಒಪ್ಪಿಸಿದ. ಡಿಸೆಂಬರ್‌ನಲ್ಲಿ ತೀರಿಕೊಂಡ. ಅವನ ನೋಟ್‌ಬುಕ್ಕುಗಳು ನೂರಕ್ಕೂ ಹೆಚ್ಚು ವರ್ಷ ಕಾಣೆಯಾಗಿ, ಕಳೆದ ಶತಮಾನದ ನಡುವಿನಲ್ಲಿ ಕೇಂಬ್ರಿಜ್‌ನಲ್ಲಿ ಸಿಕ್ಕವು. ಮೆಲ್ವಿನ್ ಅಸಲ್‌ಮನ್ ಅವರಂಥ ವಿದ್ವಾಂಸರು ಅವುಗಳ ಲೆಕ್ಕಪತ್ರ ಬಿಡಿಸಿ ಬರೆದ ಲೇಖನಗಳಲ್ಲಿ ಕೆಲವು ಬೆಳಕು ಕಂಡಿದ್ದು ಈ ಪತ್ರಿಕೆಯಲ್ಲೇ.

ಆ ಹಳದಿ ಉಪ್ಪನ್ನು ನೆನಪಿಡಿ. ರಸಾಯನಶಾಸ್ತ್ರದಲ್ಲಿ ಅದರ ಹೆಸರು ಅಮೋನಿಯಂ ಹೆಕ್ಸಾಕ್ಲೋರೊಪ್ಲಾಟಿನೇಟ್. ಪ್ಲಾಟಿನಂ ಶುದ್ಧಿ ಮಾಡುವ ಕಾರ್ಖಾನೆಗಳಲ್ಲಿ ಈ ಜಾತಿಯ ಉಪ್ಪುಗಳ ದೂಳು ಕುಡಿದು ಅದೆಷ್ಟೋ ಕೆಲಸಗಾರರು ಉಬ್ಬಸಕ್ಕೆ ತುತ್ತಾದರು. ಅದೇ ಉಪ್ಪು 1960ರ ದಶಕದಲ್ಲಿ ಬೇರೆಯೇ ಕಡೆ ಕಾಣಿಸಿಕೊಂಡಿತು.

ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬಾರ್ನೆಟ್ ರೋಸನ್‌ಬರ್ಗ್ ಎಂಬ ಭೌತವಿಜ್ಞಾನಿ, ವಿದ್ಯುತ್ ಕ್ಷೇತ್ರವು ಜೀವಕೋಶಗಳ ವಿಭಜನೆಯ ಮೇಲೆ ಪರಿಣಾಮ ಬೀರುತ್ತದೆಯೇ ಎಂದು ನೋಡುತ್ತಿದ್ದರು. ಇ. ಕೋಲಿ ಬ್ಯಾಕ್ಟೀರಿಯಾ ಬೆಳೆಸಿದ ದ್ರವದಲ್ಲಿ ಪ್ಲಾಟಿನಂ ಎಲೆಕ್ಟ್ರೋಡುಗಳನ್ನು ಇಳಿಬಿಟ್ಟಿದ್ದರು; ಯಾವುದರ ಜೊತೆಗೂ ಕೂಡದ ಜಡ ಲೋಹ ಎಂಬ ಭರವಸೆಯಿಂದ. ಕರೆಂಟು ಹರಿಸಿದಾಗ ಬ್ಯಾಕ್ಟೀರಿಯಾಗಳು ಒಡೆದು ಎರಡಾಗುವುದನ್ನು ನಿಲ್ಲಿಸಿದವು. ಸಾಯಲಿಲ್ಲ, ಸುಮ್ಮನೆ ಉದ್ದಕ್ಕೆ ಬೆಳೆಯುತ್ತ ಹೋದವು. ಮಾಮೂಲಿಗಿಂತ 300 ಪಟ್ಟಿನವರೆಗೆ. ಕಾರಣ ವಿದ್ಯುತ್ತಲ್ಲ. ಎಲೆಕ್ಟ್ರೋಡಿನಿಂದ ಕಣದಷ್ಟು ಪ್ಲಾಟಿನಂ ಕರಗಿ, ದ್ರವದಲ್ಲಿದ್ದ ನವಸಾಗರದೊಂದಿಗೆ ಕೂಡಿ, ವೊಲ್ಯಾಸ್ಟನ್ನನ ಹಳದಿ ಉಪ್ಪೇ ಹುಟ್ಟಿತ್ತು. ಬೆಳಕು ಬಿದ್ದು ಅದು ಮತ್ತೊಂದು ರೂಪ ತಾಳಿತ್ತು. ವಿಭಜನೆ ತಡೆಯುತ್ತಿದ್ದುದು ಆ ರೂಪ.

ವಿಭಜನೆ ನಿಲ್ಲಿಸುವುದಾದರೆ ಗಡ್ಡೆಯನ್ನೂ ನಿಲ್ಲಿಸೀತೇ? ಇಲಿಗಳ ಮೇಲಿನ ಪರೀಕ್ಷೆ ಹೌದು ಎಂದಿತು. ಹಾಗೆ ಬಂದ ಔಷಧ ಸಿಸ್‌ಪ್ಲಾಟಿನ್. ಆ ವಸ್ತು 1840ರ ದಶಕದಿಂದಲೇ ರಸಾಯನಶಾಸ್ತ್ರಜ್ಞರಿಗೆ ಗೊತ್ತಿತ್ತು. ಔಷಧವೆಂದು ಯಾರೂ ಕನಸು ಕಂಡಿರಲಿಲ್ಲ. ರೋಸನ್‌ಬರ್ಗ್ 1971ರಲ್ಲಿ ಈ ಸಂಶೋಧನೆಯನ್ನು ಪ್ಲಾಟಿನಂ ಮೆಟಲ್ಸ್ ರಿವ್ಯೂಗೂ ಬರೆದರು. ಕುಲುಮೆ, ತಂತಿ, ಗಾಜಿನ ಕಾರ್ಖಾನೆ ಎನ್ನುತ್ತಿದ್ದ ಓದುಗರು ಕ್ಯಾನ್ಸರ್ ಕುರಿತು ಓದಿದರು. 1978ರಲ್ಲಿ ಅಮೆರಿಕದಲ್ಲಿ ಔಷಧಕ್ಕೆ ಅನುಮತಿ ಸಿಕ್ಕಿತು. ಇಂದು ನಮ್ಮ ಬೆಂಗಳೂರಿನ ಕಿದ್ವಾಯಿಯಂಥ ಆಸ್ಪತ್ರೆಗಳಲ್ಲಿ ಗಂಟಲಿನ, ಗರ್ಭಕೊರಳಿನ ಕ್ಯಾನ್ಸರ್‌ಗೆ ರೇಡಿಯೇಷನ್ ಜೊತೆ ಡ್ರಿಪ್ಪಿನಲ್ಲಿ ಇಳಿಯುವ ಔಷಧ ಅದು. ವಾಂತಿ ತರಿಸುತ್ತದೆ, ಮೂತ್ರಪಿಂಡವನ್ನೂ ಕಿವಿಯನ್ನೂ ಕಾಡುತ್ತದೆ. ಆದರೂ ವೈದ್ಯರು ಬಿಡುವಂತಿಲ್ಲ. ಮದುವೆ ಉಂಗುರದ ಜಾಹೀರಾತಿನಲ್ಲಿ ಮಾತ್ರ ಪ್ಲಾಟಿನಂ ನೋಡಿದವರಿಗೆ ಈ ಬಳಕೆಯನ್ನು ಯಾರಾದರೂ ಹೇಳಬೇಕು ಎಂದು ನನಗೆ ಅನ್ನಿಸುತ್ತದೆ.

ಉಳಿದ ಉಪಯೋಗಗಳು ಕಾರ್ಖಾನೆಯ ಒಳಗೆ ಅಡಗಿವೆ. ನೈಟ್ರಿಕ್ ಆಮ್ಲ ತಯಾರಿಕೆಯಲ್ಲಿ ಅಮೋನಿಯಾ ಮತ್ತು ಗಾಳಿಯನ್ನು 900 ಡಿಗ್ರಿಯ ಆಸುಪಾಸಿನಲ್ಲಿ ಕೆಂಪಗೆ ಕಾದ ಬಲೆಯ ಮೂಲಕ ಹಾಯಿಸುತ್ತಾರೆ. ಶೇ 90 ಪ್ಲಾಟಿನಂ, ಶೇ 10 ರೋಡಿಯಂ ಇರುವ, ಸೊಳ್ಳೆಪರದೆಯಷ್ಟು ಸೂಕ್ಷ್ಮ ಹೆಣಿಗೆ. ಅನಿಲ ಅದನ್ನು ದಾಟುವುದು ಕಣ್ಣು ಮಿಟುಕಿಸುವುದಕ್ಕಿಂತ ಬೇಗ, ಆದರೆ ಅಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಪ್ಲಾಟಿನಂ ಸ್ವಲ್ಪ ಸ್ವಲ್ಪ ಆವಿಯಾಗಿ ಕಳೆದುಹೋಗುತ್ತದೆಂದು ಕೆಳಗೆ ಪಲಾಡಿಯಂನ ಇನ್ನೊಂದು ಬಲೆ ಹಾಸಿ ಅದನ್ನು ಹಿಡಿಯುತ್ತಾರೆ. ರಸಗೊಬ್ಬರದ ನೈಟ್ರೇಟ್ ಬರುವುದು ಈ ದಾರಿಯಲ್ಲೇ. ಕಾರಿನ ಹೊಗೆಕೊಳವೆಯ ವೇಗವರ್ಧಕದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1995ರ ಏಪ್ರಿಲ್‌ನಿಂದ ಭಾರತದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಅದು ಕಡ್ಡಾಯವಾಯಿತು, ಸೀಸವಿಲ್ಲದ ಪೆಟ್ರೋಲೂ ಅದರ ಜೊತೆಗೇ ಬಂತು.

ಈ ವೇಗವರ್ಧಕದ ವಿಚಾರದಲ್ಲಿ ನಮ್ಮವರದೂ ಒಂದು ಅಧ್ಯಾಯವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಎಸ್. ಹೆಗ್ಡೆ ಮತ್ತು ಸಂಗಡಿಗರು ಕೇಳಿಕೊಂಡ ಪ್ರಶ್ನೆ ಸರಳ. ದುಬಾರಿ ಲೋಹವನ್ನು ಕಣಗಳಾಗಿ ಮೇಲೆ ಕೂರಿಸುವ ಬದಲು, ಸೀರಿಯಂ ಆಕ್ಸೈಡ್‌ನ ಹರಳಿನೊಳಗೇ ಒಂದೊಂದು ಅಯಾನಾಗಿ ಸೇರಿಸಿದರೆ ಏನಾಗುತ್ತದೆ? ಆಗ ನೂರು ಲೋಹದ ಅಯಾನುಗಳಲ್ಲಿ ಒಂದೋ ಎರಡೋ ಪಲಾಡಿಯಂ ಆದರೂ ಸಾಕಾಗುತ್ತದೆ. ಇದಕ್ಕೆ ಅವರು ಬಳಸಿದ್ದು ಅದೇ ಸಂಸ್ಥೆಯ ಕೆ.ಸಿ. ಪಾಟೀಲರು ರೂಢಿಸಿದ ದಹನ ವಿಧಾನ. ಲೋಹದ ನೈಟ್ರೇಟುಗಳನ್ನೂ ತಕ್ಕ ಇಂಧನವನ್ನೂ ನೀರಿನಲ್ಲಿ ಬೆರೆಸಿ ಬಿಸಿ ಕುಲುಮೆಗೆ ಇಟ್ಟರೆ, ದ್ರಾವಣ ಕುದಿದು, ನೊರೆಯುಕ್ಕಿ, ತಾನೇ ಹೊತ್ತಿಕೊಂಡು ಕೆಲವೇ ನಿಮಿಷಗಳಲ್ಲಿ ಹಗುರ ಪುಡಿಯಾಗುತ್ತದೆ. ಸನ್ನೆ, ಸುತ್ತಿಗೆ ಬೇಕಿಲ್ಲ.

ಲೋಹ ಕೂಡ ನಮ್ಮ ನೆಲದಲ್ಲಿಲ್ಲ ಎನ್ನುವಂತಿಲ್ಲ. ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಹನುಮಲಾಪುರದ ಕಪ್ಪು ಬಂಡೆಗಳಲ್ಲಿ ಪ್ಲಾಟಿನಂ ಗುಂಪಿನ ಖನಿಜಗಳಿವೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಟಿ.ಸಿ. ದೇವರಾಜು ಅವರು ಫಿನ್ಲೆಂಡಿನ ಭೂವಿಜ್ಞಾನಿಗಳ ಜೊತೆಗೂಡಿ ಅವನ್ನು ಸೂಕ್ಷ್ಮದರ್ಶಕದಡಿ ಒಂದೊಂದಾಗಿ ಗುರುತಿಸಿದರು. ಗಣಿಯ ಮಾತು ಬೇರೆ. ದಕ್ಷಿಣ ಆಫ್ರಿಕಾದ ಬುಷ್‌ವೆಲ್ಡ್ ನಿಕ್ಷೇಪಕ್ಕೆ ಸಾಟಿಯಾಗುವಂಥದ್ದು ಜಗತ್ತಿನಲ್ಲೇ ಎಲ್ಲೂ ಇಲ್ಲ.

ಪ್ಲಾಟಿನಂ ಮೆಟಲ್ಸ್ ರಿವ್ಯೂ 2013ಕ್ಕೆ ಆ ಹೆಸರು ಕಳಚಿತು. ಮರುವರ್ಷದಿಂದ ‘ಜಾನ್ಸನ್ ಮ್ಯಾಥಿ ಟೆಕ್ನಾಲಜಿ ರಿವ್ಯೂ’ ಆಗಿ ಬೇರೆ ವಿಷಯಗಳಿಗೂ ಹರಡಿಕೊಂಡಿತು. ವ್ಯಾಪಾರದ ಕಂಪನಿಯೊಂದು ಆರು ಲೋಹಗಳ ನೆನಪನ್ನು 57 ವರ್ಷ ಕಾಪಾಡಿದ್ದು ನನಗೆ ದೊಡ್ಡ ವಿಷಯವಾಗಿ ಕಾಣುತ್ತದೆ. ಅಂಗೈಯಲ್ಲಿ ಪುಡಿ ಉಜ್ಜಿದವನ ಹೆಸರು, ಲೆಕ್ಕ, ತಕರಾರು ಎಲ್ಲವೂ ನಮಗೆ ಸಿಗುತ್ತಿರುವುದು ಅದರಿಂದ. ಪಾಟೀಲರ ಕುಲುಮೆಯ ಕಥೆಯೂ ಹನುಮಲಾಪುರದ ಬಂಡೆಯ ಕಥೆಯೂ ಇಂಗ್ಲಿಷಿನ ಸಂಶೋಧನಾ ಪ್ರಬಂಧಗಳಲ್ಲಿವೆ. ಚನ್ನಗಿರಿಯ ಹೈಸ್ಕೂಲು ಹುಡುಗಿಯೊಬ್ಬಳು ತನ್ನೂರಿನ ಕಲ್ಲಿನ ಬಗ್ಗೆ ಕನ್ನಡದಲ್ಲಿ ಓದಬಲ್ಲ ಪುಸ್ತಕಕ್ಕಾಗಿ ಹುಡುಕುತ್ತಿದ್ದೇನೆ. ಇನ್ನೂ ಸಿಕ್ಕಿಲ್ಲ.