ರೋಗ ತಗುಲಿದ ಎಲೆಯನ್ನೂ ಎತ್ತಿಟ್ಟವರು

ಗಿಡ ಸಂಗ್ರಹಿಸಲು ಕಾಡಿಗೆ ಹೊರಟ ಸಸ್ಯವಿಜ್ಞಾನಿಯ ಜೊತೆ ಹಳೆಯ ದಿನಪತ್ರಿಕೆಗಳ ಕಟ್ಟೊಂದು ಇದ್ದೇ ಇರುತ್ತದೆ. ಹೂವಿರುವ, ಸಾಧ್ಯವಾದರೆ ಕಾಯಿಯೂ ಇರುವ ರೆಂಬೆಯನ್ನು ಕತ್ತರಿಸಿ, ಪತ್ರಿಕೆಯ ಮಡಿಕೆಯಲ್ಲಿ ಹರಡಿ, ಮರದ ಪಟ್ಟಿಗಳ ನಡುವೆ ಬಿಗಿದು ಕಟ್ಟುತ್ತಾರೆ. ಒಂದೆರಡು ಎಲೆಗಳನ್ನು ಬೇಕೆಂದೇ ಮಗುಚಿಡುತ್ತಾರೆ. ಎಲೆಯ ಅಡಿಭಾಗದ ನರ, ರೋಮಗಳನ್ನು ನೋಡದೆ ಎಷ್ಟೋ ಗಿಡಗಳ ಗುರುತು ಹತ್ತುವುದಿಲ್ಲ. ಮಳೆಗಾಲದಲ್ಲಂತೂ ಕಾಗದವನ್ನು ದಿನವೂ ಬದಲಿಸಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಒಣಗಿದ್ದನ್ನು ದಪ್ಪ ಹಾಳೆಗೆ ಅಂಟಿಸಿ, ಕುಟುಂಬ, ಕುಲ, ಪ್ರಭೇದಗಳ ಪ್ರಕಾರ ಬೀರುವಿನಲ್ಲಿ ಜೋಡಿಸಿಟ್ಟರೆ ಅದೇ ಹರ್ಬೇರಿಯಂ. ಹುಳ ಬೀಳದಿರಲೆಂದು ಹಿಂದೆ ಪಾದರಸದ ವಿಷ ಬಳಿಯುತ್ತಿದ್ದರು. ಈಗ ಹಲವೆಡೆ ಡೀಪ್ ಫ್ರೀಜರ್ ಆ ಕೆಲಸ ಮಾಡುತ್ತದೆ.

ಹಾಳೆಯ ಮೂಲೆಯ ಲೇಬಲ್ಲೇ ಅದರ ಜೀವ. ಎಲ್ಲಿ, ಎಂದು, ಯಾರು ಕಿತ್ತರು, ಮರ ಎಷ್ಟೆತ್ತರವಿತ್ತು, ಹೂವಿನ ಬಣ್ಣ ಯಾವುದು ಎಂದೆಲ್ಲ ಅಲ್ಲಿ ಬರೆದಿರಬೇಕು. ಬಣ್ಣ ಒಣಗಿದ ಮೇಲೆ ಉಳಿಯುವುದಿಲ್ಲವಲ್ಲ! ಲೇಬಲ್ ಕಳೆದುಹೋದರೆ ಅದು ಬರೀ ಒಣಹುಲ್ಲು. ಹೊಸ ಪ್ರಭೇದಕ್ಕೆ ಹೆಸರಿಡುವಾಗ ಇಂಥ ಒಂದು ಮಾದರಿಯನ್ನು ‘ಟೈಪ್’ ಎಂದು ಗೊತ್ತುಮಾಡುತ್ತಾರೆ. ಮುಂದೆ ಆ ಹೆಸರಿನ ಬಗ್ಗೆ ತಕರಾರು ಬಂದರೆ ಅದನ್ನೇ ತೆಗೆದು ನೋಡಬೇಕು.

ಇದೆಲ್ಲ ಹಳೇ ಕಾಲದ ಹವ್ಯಾಸ ಎನ್ನುವವರಿಗೆ ಆಲೂಗಡ್ಡೆಯ ಕಥೆ ಹೇಳಬೇಕು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಗೆ ಅಂಗಮಾರಿ ರೋಗ ಬಡಿಯಿತು. ಮುಂದಿನ ಕೆಲವು ವರ್ಷಗಳ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಆ ಶತಮಾನದಲ್ಲಿ ಕೆಲವರು ರೋಗ ತಗುಲಿದ ಎಲೆಗಳನ್ನೂ ಒಣಗಿಸಿ ಇಟ್ಟಿದ್ದರು. ಡಿಎನ್‌ಎ ಎಂದರೇನೆಂದು ಯಾರಿಗೂ ತಿಳಿಯದ ಕಾಲ ಅದು. ಲಂಡನ್ನಿನ ಕ್ಯೂ ಉದ್ಯಾನ, ಜರ್ಮನಿಯ ಮ್ಯೂನಿಕ್‌ಗಳ ಬೀರುಗಳಲ್ಲಿದ್ದ ಅಂಥ ಎಲೆಗಳಿಂದ ವಿಜ್ಞಾನಿಗಳು ರೋಗಾಣುವಿನ ಡಿಎನ್‌ಎ ಹೊರತೆಗೆದು, 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಹುಕಾಲ ಅಪರಾಧಿ ಎನಿಸಿಕೊಂಡಿದ್ದ ‘ಯುಎಸ್-1’ ತಳಿ ಕ್ಷಾಮಕ್ಕೆ ಕಾರಣವಲ್ಲ, ಅದರ ಹತ್ತಿರದ ಸಂಬಂಧಿಯಾದ ಬೇರೊಂದು ತಳಿ ಎಂದು ತಿಳಿಯಿತು. ಹರ್ಬೇರಿಯಂನಲ್ಲಿ ಸಿಕ್ಕಿದ್ದಕ್ಕೆ ಅದಕ್ಕೆ ‘ಹರ್ಬ್-1’ ಎಂದೇ ಹೆಸರಿಟ್ಟರು. ಯಾವ ಹಾಳೆ ಯಾವಾಗ ಉಪಯೋಗಕ್ಕೆ ಬರುತ್ತದೆಂದು ಲೆಕ್ಕ ಹಾಕಿ ಸಂಗ್ರಹಿಸಲು ಹೋದರೆ ಇಂಥ ಎಲೆ ಕಸದಬುಟ್ಟಿಗೇ ಹೋಗುತ್ತಿತ್ತು.

ನಮ್ಮಲ್ಲೂ ಈ ಕೆಲಸ ನಡೆದಿದೆ. ಸಸ್ಯವಿಜ್ಞಾನಿಗಳಾದ ಸೆಸಿಲ್ ಸಲ್ಡಾನ ಮತ್ತು ಡ್ಯಾನ್ ನಿಕೋಲ್ಸನ್ ಸಂಪಾದಿಸಿದ ಹಾಸನ ಜಿಲ್ಲೆಯ ಸಸ್ಯಗ್ರಂಥ 1976ರಲ್ಲಿ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕರ್ನಾಟಕದ ಗಿಡಮರಗಳ ಹರ್ಬೇರಿಯಂ ಇದೆ. ‘ಡಿಜಿಟಲ್ ಫ್ಲೋರಾ ಆಫ್ ಕರ್ನಾಟಕ’ ಎಂಬ ಅದೇ ಸಂಸ್ಥೆಯ ಜಾಲತಾಣದಲ್ಲಿ ನಿಮ್ಮ ಜಿಲ್ಲೆಯ ಗಿಡಗಳನ್ನು ಹುಡುಕಿ ನೋಡಬಹುದು.